ಬಿಡುವ ಮುನ್ನ ಎಷ್ಟು ದಿನ?

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಅಣ್ಣನ ಮಗಳು ಮನೆಗೆ ಬಂದಳು. ಕೊಟ್ಟ ಕಾಫಿಯನ್ನು ಕುಡಿಯದೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, “ಚಿಕ್ಕಪ್ಪ, ನಾಳೆ ರಾಜೀನಾಮೆ ಕೊಡೋಣವೆಂದಿದ್ದೇನೆ” ಎಂದಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳಿಗೆ ಕೆಲಸ. ಬೇರೊಂದು ಕಂಪನಿಯವರು ತಿಂಗಳಿಗೆ 20,000 ರೂಪಾಯಿ ಹೆಚ್ಚು ಕೊಡುವುದಾಗಿ ಕರೆದಿದ್ದಾರೆ. ಸಂತೋಷದ ಸಮಾಚಾರವೇ. ಆದರೆ ಹುಡುಗಿಯ ಮುಖದಲ್ಲಿ ಸಂತೋಷವಿರಲಿಲ್ಲ. ಹೊಸಬರು 30 ದಿನಗಳೊಳಗಾಗಿ ಬಂದು ಸೇರಬೇಕೆನ್ನುತ್ತಾರೆ. ಹಳಬರು ಕೊಟ್ಟ ನೇಮಕದ ಕಾಗದದಲ್ಲಿ ಬಿಡುವವರು 90 ದಿನಗಳ ನೋಟೀಸು ಕೊಡತಕ್ಕದ್ದೆಂದು ಬರೆದಿದೆ. ಕಡಮೆ ಬಿದ್ದ ದಿನಗಳಿಗೆ ಮೂಲವೇತನದ ಲೆಕ್ಕದಲ್ಲಿ ಹಣ ಕಟ್ಟಿ ಹೋಗಬಹುದೆಂದೂ ಅದರಲ್ಲಿಯೇ ಇದೆ.

ಮನೆಯಲ್ಲಿ ಆಗಲೇ ಒಂದು ಪುಟ್ಟ ಸಭೆ ನಡೆದು ಹೋಗಿತ್ತು. ನನ್ನ ಅಣ್ಣ ಸರಕಾರಿ ನೌಕರಿಯಲ್ಲಿ ತಲೆ ಹಣ್ಣು ಮಾಡಿಕೊಂಡವರು. ಬರೆದುಕೊಟ್ಟ ಮೇಲೆ 90 ದಿನವೂ ದುಡಿಯಬೇಕು, ಒಂದು ದಿನವೂ ಕಡಮೆಯಾಗಕೂಡದೆಂಬುದು ಅವರ ವಾದ. ಅವಳ ಗೆಳತಿಯರದು ಇದಕ್ಕೆ ಪೂರ್ತಿ ವಿರುದ್ಧ: “ಬೇಡವೆನಿಸಿದ ದಿನ ಕಂಪನಿಯವರು ನಿನ್ನನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಾರೆ, ನೀನೇಕೆ ಮೂರು ತಿಂಗಳು ಕಾಯಬೇಕು?” ಅತ್ತಿಗೆಯವರ ಅಭಿಪ್ರಾಯ ಇವೆರಡಕ್ಕೂ ಸೇರಿದ್ದಲ್ಲ. ಎಷ್ಟು ದಿನದ ನೋಟೀಸಾದರೂ ಇರಲಿ, ಯಾವ ದಿನ ಕೊಡುತ್ತೀಯೆಂಬುದು ಮುಖ್ಯ, ಅಷ್ಟಮಿ ನವಮಿ ಆಗಬಾರದು ಎಂದರಂತೆ. ಕೇಳಿ ಎಲ್ಲರೂ ನಕ್ಕರಂತೆ. ಅತ್ತಿಗೆಯವರ ಮಾತಿನಲ್ಲಿ ನಗುವಂಥದು ಅಷ್ಟೇನೂ ಇರಲಿಲ್ಲವೆಂದು ಮುಂದೆ ತಿಳಿಯುತ್ತದೆ.

ಇಂಥ ವಿಷಯದಲ್ಲಿ ಬುದ್ಧಿ ಹೇಳುವುದಕ್ಕೆ ನಾನು ಯೋಗ್ಯನಲ್ಲ. ಏಕೆಂದರೆ ನಾನು ನನ್ನ ಮೊದಲ ಕೆಲಸವನ್ನು ಬಿಟ್ಟದ್ದು ಒಂದೇ ದಿನದ ನೋಟೀಸಿನಲ್ಲಿ. ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲ ಅದು. ಶನಿವಾರದ ಟಪಾಲಿನಲ್ಲಿ ಬೇರೆ ಕಡೆಯ ನೇಮಕದ ಆಜ್ಞೆ ಬಂದಿತು, ಸಂಜೆ ಯಜಮಾನರಿಗೆ ಹೇಳಿದೆ, ಸೋಮವಾರ ಹೋಗಲಿಲ್ಲ. ಮನಸ್ಸಿಗೆ ಅಳುಕೇನೂ ಆಗಲಿಲ್ಲ. ನಿನ್ನೆ ಇದ್ದವನನ್ನು ಇಂದು ಬೇಡವೆನ್ನುವ ಪದ್ಧತಿ ಆ ಅಂಗಡಿಯಲ್ಲಿ ಇದ್ದೇ ಇತ್ತು. ಅವರ ಅಳತೆಯಲ್ಲಿ ಅವರಿಗೇ ಅಳೆದುಕೊಟ್ಟೆನೆಂದು ಒಳಗೊಳಗೇ ಹೆಮ್ಮೆಪಟ್ಟೆನೆಂದರೂ ಸರಿಯೇ.

ಆದರೆ ಹಳ್ಳಿಯ ವರ್ತಕರಿಗೆ ಕೊಟ್ಟ ಕೆಲವು ಸಾಲದ ಬಾಬುಗಳನ್ನು ನಾನು ಖಾತೆಗೆ ಏರಿಸಿರಲಿಲ್ಲ. ಕೆಲವು ಚೀಟಿಗಳಲ್ಲಿದ್ದವು, ಕೆಲವು ನನ್ನ ತಲೆಯಲ್ಲಿಯೇ ಇದ್ದವು. ಹತ್ತು ವರ್ಷಗಳ ತರುವಾಯ, ನನ್ನ ಪಕ್ಕದ ಮೇಜಿನಲ್ಲಿ ಕುಳಿತಿರುತ್ತಿದ್ದ ಹಿರಿಯ ಗುಮಾಸ್ತರು ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಮಾತಿನ ನಡುವೆ, ನಗುತ್ತಲೇ, “ನೀವು ಹೋದ ಮೇಲೆ ಆ ಬಾಕಿಗಳು ಹುಟ್ಟಲಿಲ್ಲ ಸ್ವಾಮಿ. ಎಂಟು ತಿಂಗಳು ನನ್ನ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಂಡರು” ಎಂದರು. ನನಗೆ ಬಸ್ಸು ಬಂದಿತು, ನಾನು ಹತ್ತಿಬಿಟ್ಟೆ. ಯಜಮಾನರಿಗೆ ಕೊಟ್ಟೆನೆಂದುಕೊಂಡಿದ್ದ ಏಟು ಯಾರ ಬೆನ್ನಿನ ಮೇಲೆ ಬಿದ್ದಿತ್ತೆಂಬುದು ತಿಳಿಯಲು ನನಗೆ ಹತ್ತು ವರ್ಷ ಹಿಡಿದಿತ್ತು.

ಆದ್ದರಿಂದ ಹುಡುಗಿಯನ್ನು ಮೊದಲು ಕೇಳಿದ ಪ್ರಶ್ನೆ, “ನೀನು 30 ದಿನಕ್ಕೆ ಹೊರಟರೆ ನಿನ್ನ ಕೆಲಸ ಯಾರ ಪಾಲಿಗೆ ಬರುತ್ತದೆ?” ಎಂದು.

“ಕಂಪನಿ ನೋಡಿಕೊಳ್ಳುತ್ತದೆ ಚಿಕ್ಕಪ್ಪ.”

“ಕಂಪನಿಗೆ ಕೈಕಾಲು ಇಲ್ಲ ಮಗು. ರಾತ್ರಿ ಏನಾದರೂ ಕೆಟ್ಟರೆ ದೂರವಾಣಿ ಯಾರ ಮನೆಯಲ್ಲಿ ಬಾರಿಸುತ್ತದೆ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾಲ್ಕು ತಿಂಗಳ ಹಿಂದೆ ಸೇರಿದ ಒಬ್ಬ ಹುಡುಗನಿದ್ದಾನೆ, ಅವನಿಗೆ ಎಲ್ಲವನ್ನೂ ಕಲಿಸಿಕೊಡಲು ಆರು ವಾರವಾದರೂ ಬೇಕು ಎಂದಳು. ಅಂದರೆ 90 ದಿನ ಬೇಡ, 30 ದಿನ ಸಾಲದು. ನೇಮಕದ ಕಾಗದ ಏನನ್ನಾದರೂ ಹೇಳಲಿ, ಕೆಲಸದ ಸ್ವಭಾವವೇ ಒಂದು ಅಂಕಿಯನ್ನು ಹೇಳಿತ್ತು.

ಇನ್ನು ಕಾಯಿದೆಯ ಮಾತು. ನಮ್ಮ ದೇಶದಲ್ಲಿ ಕೆಲಸ ಬಿಟ್ಟು ಹೋಗುವುದೇ ಅಪರಾಧವಾಗಿದ್ದ ಕಾಲವೊಂದಿತ್ತು. ಮುಂಗಡ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಮಾತಿಗೆ ತಪ್ಪಿದರೆ ಹಣ ಹಿಂದಿರುಗಿಸು, ಇಲ್ಲವೇ ಬಂದು ದುಡಿ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದಾಗಿತ್ತು. ಕೇಳದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ. 1859ರ ಆ ಶಾಸನವನ್ನು ತೆಗೆದುಹಾಕುವ ಕಾಯಿದೆ ಬಂದದ್ದು 1925ರಲ್ಲಿ. ಇಂದು ಯಾರನ್ನೂ ಇಷ್ಟವಿಲ್ಲದ ಕುರ್ಚಿಯಲ್ಲಿ ಕೂರಿಸಿ ದುಡಿಸಲು ಸಾಧ್ಯವಿಲ್ಲ. ಖಾಸಗಿ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತವಾಗಿ ನಡೆಸಿಕೊಡುವುದಿಲ್ಲ. “ನಾವು ಬಿಡುವುದೇ ಇಲ್ಲ” ಎಂದು ಮೇಲಧಿಕಾರಿ ಗದರಿಸಿದರೆ ಹೆದರಬೇಕಾದುದಿಲ್ಲ.

ಆದರೆ ಹಣದ ಮಾತು ಬೇರೆ. ಕರಾರು ಮುರಿದವನಿಂದ ಅದರಲ್ಲಿ ಹೇಳಿದ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವನ್ನು ಕೇಳಬಹುದೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ವಿಜಯಾ ಬ್ಯಾಂಕಿನ ಪ್ರಕರಣವನ್ನು ವಾಚಕರಲ್ಲಿ ಕೆಲವರು ಪತ್ರಿಕೆಗಳಲ್ಲಿ ಓದಿರಬಹುದು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಕರಾರಿಗೆ ಸಹಿ ಹಾಕಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಹಣವನ್ನು ಆಕ್ಷೇಪದೊಡನೆ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿ ಕರಾರು ಸಿಂಧುವೆಂದಿತು. ಅಷ್ಟರಲ್ಲಿ ವಿಜಯಾ ಬ್ಯಾಂಕೇ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಗಿತ್ತು! ವ್ಯಾಜ್ಯಗಳು ಬ್ಯಾಂಕುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಅದು ಬಾಂಡಿನ ವಿಷಯ, ನೋಟೀಸಿನದಲ್ಲ. ಆದರೂ ಸಹಿ ಹಾಕುವ ದಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಮೆಯೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಬಿಡಿಸುವವನಿಗೂ ಬಿಡುವವನಿಗೂ ಒಂದೇ ನಿಯಮವೇ? ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೆಯ ಕಲಮಿನಂತೆ, ಆರು ತಿಂಗಳು ಎಡೆಬಿಡದೆ ದುಡಿದವನನ್ನು ತಕ್ಕ ಕಾರಣವಿಲ್ಲದೆ ತೆಗೆಯಕೂಡದು. ತೆಗೆಯುವುದಾದರೆ ಒಂದು ತಿಂಗಳ ನೋಟೀಸು ಅಥವಾ ಒಂದು ತಿಂಗಳ ಸಂಬಳ ಕೊಡಬೇಕು. ದುರ್ನಡತೆ ಸ್ಥಿರಪಟ್ಟಲ್ಲಿ ಅದೂ ಇಲ್ಲ. ಬಿಡುವವನ ಮೇಲೆ ಆ ಕಲಮು ಯಾವ ದಿನವನ್ನೂ ಹೊರಿಸುವುದಿಲ್ಲ. ಹಾಗಾಗಿ ಬಿಡುವವನ 90 ದಿನ ನೇಮಕದ ಕಾಗದದಿಂದ ಬಂದದ್ದು. ಹುಡುಗಿಯ ಕಾಗದವನ್ನು ತರಿಸಿ ನೋಡಿದೆ. ಅವಳು ಬಿಟ್ಟರೆ ಮೂರು ತಿಂಗಳು, ಅವರು ಬಿಡಿಸಿದರೆ ಒಂದು ತಿಂಗಳು! ಐದು ವರ್ಷವಾಗುತ್ತ ಬಂದರೂ ಈ ವ್ಯತ್ಯಾಸವನ್ನು ಅವಳು ಗಮನಿಸಿರಲಿಲ್ಲ.

“ಐದು ವರ್ಷವಾಗುತ್ತ ಬಂದಿತು” ಎಂದೆನಲ್ಲ, ವಿಷಯದ ಗುಟ್ಟು ಅಲ್ಲಿಯೇ ಇತ್ತು. ಅವಳು ಸೇರಿ ಆಗ ಸರಿಯಾಗಿ 4 ವರ್ಷ 10 ತಿಂಗಳು. ಕಾಯಂ ನೌಕರರಿಗೆ ಗ್ರಾಚ್ಯುಟಿ ದೊರೆಯುವುದು ಐದು ವರ್ಷ ತುಂಬಿದ ಮೇಲೆ. 1972ರ ಕಾಯಿದೆಯಲ್ಲಿದ್ದ ಈ ನಿಯಮವನ್ನು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅವರ ಮಟ್ಟಿಗೆ ಉಳಿಸಿಕೊಂಡಿದೆ. ನೋಟೀಸಿನ ದಿನಗಳಲ್ಲಿ ದುಡಿದರೆ ಅದೂ ಸೇವೆಯೇ. ಕಾಗದ, ಪೆನ್ಸಿಲು ತೆಗೆದುಕೊಂಡು ಇಬ್ಬರೂ ಕುಳಿತೆವು. ಅವಳ ಮೂಲವೇತನ 52,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 30,000. ಐದು ವರ್ಷಕ್ಕೆ 1,50,000. ನಾಳೆಯೇ ನೋಟೀಸು ಕೊಟ್ಟು 30 ದಿನಕ್ಕೆ ಹೊರಟರೆ ಸೇವೆ 4 ವರ್ಷ 11 ತಿಂಗಳಿಗೆ ನಿಲ್ಲುತ್ತದೆ. ಗ್ರಾಚ್ಯುಟಿಗೆ ಒಂದು ತಿಂಗಳು ಕಡಮೆ. ಮೇಲಾಗಿ ದುಡಿಯದ ಎರಡು ತಿಂಗಳಿಗೆ ಅವಳೇ 1,04,000 ಕಟ್ಟಬೇಕು. ಎರಡೂ ಸೇರಿ 2,54,000. ಹೊಸ ಕಂಪನಿ ಕೊಡುವ ಹೆಚ್ಚಿನ ಸಂಬಳ ವರ್ಷಕ್ಕೆ 2,40,000! ಒಂದು ವರ್ಷಕ್ಕೂ ಮೀರಿ ಪುಕ್ಕಟೆ ದುಡಿದಂತೆ. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕೆನ್ನುವ ಪಕ್ಷವೂ ಉಂಟು, ಮದರಾಸು ಉಚ್ಚ ನ್ಯಾಯಾಲಯ ಅದನ್ನು ಒಪ್ಪಿದ್ದೂ ಉಂಟು. ಆದರೆ ಕಾದರೆ ತಾನಾಗಿ ಕೈಗೆ ಬರುವ ಹಣಕ್ಕಾಗಿ ವ್ಯಾಜ್ಯಕ್ಕೆ ನಿಲ್ಲುವವರಾರು?

ಅತ್ತಿಗೆಯವರ ಪಂಚಾಂಗ ಬೇರೆಯಾದರೂ ಪ್ರಶ್ನೆ ಸರಿಯಾಗಿತ್ತೆಂದೆನಲ್ಲ, ಅದು ಇದಕ್ಕಾಗಿ.

ಈ ಲೆಕ್ಕಾಚಾರವನ್ನೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಪತ್ನಿ, “ನಮ್ಮ ಕೆಲಸದಾಕೆಗೆ ನಾವು ಎಷ್ಟು ದಿನದ ನೋಟೀಸು ಕೊಟ್ಟಿದ್ದೆವು?” ಎಂದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. 2020ರ ಮಾರ್ಚಿಯಲ್ಲಿ ಊರೆಲ್ಲ ಬಾಗಿಲು ಹಾಕಿದಾಗ, “ನಾಳೆಯಿಂದ ಬರಬೇಡಮ್ಮ” ಎಂದು ದೂರವಾಣಿಯಲ್ಲಿ ಹೇಳಿದವನು ನಾನೇ. ಆ ತಿಂಗಳ ಸಂಬಳ ಕೊಟ್ಟೆವು, ಮುಂದಿನದನ್ನು ಕೊಡಲಿಲ್ಲ. ಅದೇ ಆಕೆ ಮುಂದೊಮ್ಮೆ ಎರಡು ದಿನ ಹೇಳದೆ ತಪ್ಪಿಸಿಕೊಂಡಾಗ, ಈ ಜನಕ್ಕೆ ಮಾತಿನ ನಿಷ್ಠೆಯೇ ಇಲ್ಲವೆಂದು ಅಂದವನೂ ನಾನೇ. ಪತ್ನಿ ಇದಾವುದನ್ನೂ ನೆನಪಿಸಲಿಲ್ಲ. ಕೇಳಿ ಒಳಗೆ ಹೋದಳು.

ಹುಡುಗಿ ಮರುದಿನ ರಾಜೀನಾಮೆ ಕೊಡಲಿಲ್ಲ. ಮೊದಲು ಹೊಸ ಕಂಪನಿಯವರಿಗೆ ಕಾಗದ ಬರೆದಳು: ಕೈಯಲ್ಲಿರುವ ಕೆಲಸವನ್ನು ಒಪ್ಪಿಸಿ ಬರಲು 65 ದಿನ ಬೇಕು, ಅದಕ್ಕೆ ಮುಂಚೆ ಬರಲಾಗುವುದಿಲ್ಲ ಎಂದು. ಬರೆದ ಮೇಲೆ ಎರಡು ದಿನ ಅವಳಿಗೆ ಊಟ ಸೇರಲಿಲ್ಲವಂತೆ. ಕೆಲಸ ಕೈತಪ್ಪಿದರೆ? ಆ ಭಯ ಸುಳ್ಳಲ್ಲ. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವ ಕಂಪನಿಗಳೂ ಇವೆ. ಅದಕ್ಕಾಗಿಯೇ ಹೊಸಬರ ನೇಮಕ ಲಿಖಿತವಾಗಿ, ದಿನಾಂಕ ಸಹಿತವಾಗಿ ಕೈಗೆ ಬರುವ ತನಕ ಹಳಬರಿಗೆ ಏನನ್ನೂ ಹೇಳಬಾರದೆಂದು ನಾನು ಅವಳಿಂದ ಮಾತು ತೆಗೆದುಕೊಂಡಿದ್ದೆ. ಕೊಟ್ಟ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವುದು ಎಲ್ಲರ ಪಾಲಿಗೂ ಸುಲಭವಲ್ಲ. ಅಲಹಾಬಾದು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸತೀಶ್ ಚಂದ್ರರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಬರೆದು, ಜುಲೈಯಲ್ಲಿ ಅದನ್ನು ಹಿಂತೆಗೆದುಕೊಂಡಾಗ, ಹಾಗೆ ಮಾಡಬಹುದೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ತೀರ್ಮಾನಿಸಬೇಕಾಯಿತು. ಜಾರಿಯ ದಿನ ಬರುವ ಮುನ್ನ ಹಿಂತೆಗೆದುಕೊಳ್ಳಬಹುದೆಂದು 1978ರಲ್ಲಿ ತೀರ್ಪಾಯಿತು. ಖಾಸಗಿ ಕಂಪನಿಯ ನೌಕರನಿಗೆ ಅಷ್ಟು ದೂರ ಹೋಗುವ ಶಕ್ತಿಯೂ ಇಲ್ಲ, ಅವಕಾಶವೂ ಕಡಮೆ.

ಮೂರನೆಯ ದಿನ ಹೊಸಬರಿಂದ ಒಪ್ಪಿಗೆ ಬಂದಿತು. ಆಮೇಲೆ ಹಳಬರಿಗೆ ನಾಲ್ಕೇ ಸಾಲಿನ ಕಾಗದ: ಇಂಥ ದಿನಾಂಕ ನನ್ನ ಕಡೆಯ ಕೆಲಸದ ದಿನ, ಬಾಕಿ 25 ದಿನಗಳನ್ನು ನನ್ನ ಗಳಿಕೆ ರಜೆಯಲ್ಲಿ ವಜಾ ಮಾಡಿಕೊಳ್ಳಬೇಕು, ಲಿಖಿತ ಉತ್ತರ ಬೇಕು. ಬಿಡುವ ಕಾರಣವನ್ನು ಬರೆಯಹೊರಟಿದ್ದಳು, ನಾನು ಬೇಡವೆಂದೆ. ಮೇಲಧಿಕಾರಿ ಮುಖ ಸಿಂಡರಿಸಿದರಂತೆ, ವಾರದ ಮೇಲೆ ಒಪ್ಪಿದರಂತೆ. 65 ದಿನ ಕಳೆದಾಗ ಅವಳ ಸೇವೆ ಐದು ವರ್ಷ ದಾಟಿ ನಾಲ್ಕೈದು ದಿನ ಹೆಚ್ಚೇ ಆಗುತ್ತದೆ. ಬರಬೇಕಾದ ಸಂಬಳವನ್ನು ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಈಗಿನ ವೇತನ ಸಂಹಿತೆ ಹೇಳುತ್ತದೆ, ಕೊಡುತ್ತಾರೋ ನೋಡಬೇಕು. ಪ್ರಾವಿಡೆಂಟ್ ಫಂಡನ್ನು ತೆಗೆದು ಖರ್ಚು ಮಾಡದೆ ಹೊಸ ಕಡೆಗೆ ವರ್ಗಾಯಿಸಿಕೊಳ್ಳೆಂದು ಅಣ್ಣ ದಿನಕ್ಕೆರಡು ಸಲ ಹೇಳುತ್ತಿದ್ದಾರೆ.

ನಿನ್ನೆ ಸಂಜೆ ಮತ್ತೆ ಬಂದಿದ್ದಳು. ಆ ಹುಡುಗನಿಗಾಗಿ ಒಂದು ನೋಟ್ ಪುಸ್ತಕ ಬರೆಯುತ್ತಿದ್ದಾಳಂತೆ. ಯಾವ ರಾತ್ರಿ ಏನು ಕೆಟ್ಟಿತ್ತು, ಹೇಗೆ ಸರಿಮಾಡಿದೆ ಎಂಬುದೆಲ್ಲ ಅದರಲ್ಲಿದೆ. 40 ಪುಟವಾಗಿದೆ, ಇನ್ನೂ ಮುಗಿದಿಲ್ಲ ಎಂದಳು. ನಾನು ಆ ಪುಸ್ತಕವನ್ನು ತಿರುವಿ ನೋಡಿದೆ. ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಕೆಳಗಿಡದೆ ಬಹಳ ಹೊತ್ತು ಹಿಡಿದುಕೊಂಡಿದ್ದೆ.