ಹಳೇ ಎಸಿ ಗುಜರಿಗೆ, ಬಿಸಿನೀರಿಗೆ ಸೌದೆ: ಇದ್ಯಾವ ಲೆಕ್ಕ?

ಮಾಚೇನಹಳ್ಳಿಯ ಹೆದ್ದಾರಿಯಲ್ಲಿ ನಿಂತರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ. ನಡುವೆ ಫೌಂಡ್ರಿ, ಹಾಲಿನ ಡೇರಿ. ವೆಲ್ಡಿಂಗ್, ಲೇತು ಬಲ್ಲ ಕೈಗಳಿಗೆ ಸುತ್ತಲ ಊರುಗಳಲ್ಲಿ ಬರವಿಲ್ಲ. ಆದರೂ ಹಳೇ ಎಸಿ, ಫ್ರಿಜ್ಜು ನೇರ ಗುಜರಿ ತಕ್ಕಡಿಗೆ ಹೋಗುತ್ತವೆ. ತಾಮ್ರಕ್ಕಾಗಿ ಕೊಳವೆ ಕತ್ತರಿಸಿದರೆ ಒಳಗಿನ ಗ್ಯಾಸ್ ಗಾಳಿಪಾಲು. ಅದೇ ಹೊತ್ತಿಗೆ ನಾವು ಬಚ್ಚಲ ಒಲೆಗೆ ಸೌದೆ, ಅಡಿಕೆ ಸಿಪ್ಪೆ ತುಂಬುತ್ತಿರುತ್ತೇವೆ, ಇಲ್ಲವೇ ಗೀಸರ್ ಹಾಕಿ ಮೀಟರ್ ಓಡಿಸುತ್ತಿರುತ್ತೇವೆ. ಇದು ಬಡತನವಲ್ಲ, ದಂಡ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಆ ಬಿಸಿಯನ್ನು ಗಾಳಿಗೆ ಬಿಡದೆ ನೀರಿಗೆ ಕೊಟ್ಟರೆ ಅದೇ ಹೀಟ್ ಪಂಪ್. ಪಂಪ್‌ಸೆಟ್ ನೀರನ್ನು ಹುಟ್ಟಿಸುತ್ತದೆಯೇ? ಬಾವಿಯಿಂದ ಎತ್ತುತ್ತದೆ ಅಷ್ಟೇ. ಇದೂ ಹಾಗೆ, ಗಾಳಿಯಲ್ಲಿರುವ ಬಿಸಿಯನ್ನು ನೀರಿಗೆ ಎತ್ತುತ್ತದೆ.

ಲೆಕ್ಕ ಹಾಕೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಗೀಸರ್‌ಗೆ ಸುಮಾರು 3 ಯೂನಿಟ್ ಕರೆಂಟು ಬೇಕು. ಹೀಟ್ ಪಂಪ್ ಚೆನ್ನಾಗಿ ಕೂಡಿಬಂದರೆ ಅದೇ ಕೆಲಸ ಒಂದು, ಒಂದೂಕಾಲು ಯೂನಿಟ್‌ನಲ್ಲಿ ಮುಗಿಯುತ್ತದೆ. ತಿಂಗಳಿಗೆ 90 ಯೂನಿಟ್ ಎಲ್ಲಿ, 30-40 ಯೂನಿಟ್ ಎಲ್ಲಿ? ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೇ ಬರುತ್ತದೆ. ಗೀಸರ್ ಇರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

'ಸೋಲಾರ್ ಇದೆಯಲ್ಲ' ಎನ್ನುವವರು ಮಲೆನಾಡಿನ ಜುಲೈ ತಿಂಗಳನ್ನು ನೋಡಿಲ್ಲ. ಬಿಸಿನೀರು ಹೆಚ್ಚು ಬೇಕಾದ ದಿನಗಳಲ್ಲೇ ಸೂರ್ಯ ನಾಪತ್ತೆ. 'ಸೌದೆ ಪುಕ್ಕಟೆ' ಎನ್ನುವವರು ಅದನ್ನು ಹೊತ್ತು ತರುವ, ಹೊಗೆ ಕುಡಿಯುವ ಹೆಂಗಸರನ್ನು ಕೇಳಿ ನೋಡಲಿ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರು ಮಾಡಿದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಕಾಡು ಪುಕ್ಕಟೆಯಲ್ಲ ಎಂಬುದು ಈ ಸೀಮೆಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

ಹಾಗೆಂದು 'ಹಳೇ ಫ್ರಿಜ್ಜಿನಿಂದ ಫ್ರೀ ಬಿಸಿನೀರು' ಎಂಬ ಮೊಬೈಲ್ ವಿಡಿಯೋಗಳ ಪರ ನಾವಿಲ್ಲ. ಅವು ಅರ್ಧ ಸತ್ಯ ಹೇಳುತ್ತವೆ. ಫ್ರಿಜ್ಜಿನ ಕಂಪ್ರೆಸರ್ ನೂರು, ನೂರೈವತ್ತು ವ್ಯಾಟಿನದು. 100 ಲೀಟರ್ ಕಾಯಿಸಲು ಅದಕ್ಕೆ ಇಡೀ ರಾತ್ರಿ ಬೇಕು. ಒಂದು ಟನ್ನಿನ ಎಸಿಗೆ ಒಂದು ಗಂಟೆಯ ಆಸುಪಾಸು ಸಾಕು. ಹಳೇ ಎಸಿಗಳಲ್ಲಿರುವ ಆರ್-22 ಗ್ಯಾಸ್ ಒಂದು ಕೆಜಿ ಗಾಳಿ ಸೇರಿದರೆ ಅದು ಸುಮಾರು 1,800 ಕೆಜಿ ಇಂಗಾಲದ ಡೈ ಆಕ್ಸೈಡ್‌ಗೆ ಸಮ. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್-600ಎ ಅಡುಗೆ ಗ್ಯಾಸಿನ ಜಾತಿಯದೇ. ಅದರ ಪೈಪಿಗೆ ಬೆಂಕಿ ಹಿಡಿದರೆ ಹೊತ್ತಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

ಆದ್ದರಿಂದ ಕೊಳವೆಗೆ ಕೈ ಹಾಕುವುದು ಗ್ಯಾಸ್ ಕೆಲಸ ಕಲಿತ ಮೆಕ್ಯಾನಿಕ್ ಮಾತ್ರ. ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡೇ ಕೊಳವೆ ಕತ್ತರಿಸಬೇಕು. ಬಾಯಿ ತೆರೆದ ಟ್ಯಾಂಕೇ ಇರಲಿ. ಪೂರ್ತಿ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿ ಸಿಡಿಯಬಹುದು. ಅರ್ತಿಂಗ್ ಮತ್ತು 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಸ್ವಿಚ್ ಇಲ್ಲದೆ ಬಚ್ಚಲಿಗೆ ಕರೆಂಟು ತರಬೇಡಿ. ಈ ನೀರು ಸ್ನಾನಕ್ಕೆ, ಪಾತ್ರೆಗೆ, ಕುಡಿಯಲು ಅಲ್ಲ.

ಇಷ್ಟೆಲ್ಲವನ್ನೂ ಒಬ್ಬೊಬ್ಬರೇ ಮಾಡಿಕೊಳ್ಳಲಿ ಎಂದು ಬಿಡುವುದೇ ತಪ್ಪು. ಐಟಿಐಗಳಲ್ಲಿ ಫ್ರಿಜ್ಜು-ಎಸಿ ರಿಪೇರಿಯ ಟ್ರೇಡ್ ಇದೆ. ಆ ಹುಡುಗರ ಕೈಗೆ ಹಳೇ ಎಸಿ ಕೊಟ್ಟು, ಊರಿನ ಹಾಸ್ಟೆಲ್ಲಿಗೊಂದು ಹೀಟ್ ಪಂಪ್ ಕಟ್ಟಿಸಲಿ. ಗ್ಯಾಸ್ ಎಳೆಯುವ ಯಂತ್ರವೊಂದನ್ನು ಪಂಚಾಯಿತಿಗಳು ಸೇರಿ ಕೊಳ್ಳಲಿ, ಮೆಕ್ಯಾನಿಕ್‌ಗಳು ಬಾಡಿಗೆಗೆ ಒಯ್ಯಲಿ.

ಹಾಲಿನ ಸಂಘಗಳಿಗೂ ಒಂದು ಮಾತು. 1,000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸುವಾಗ ಬಲ್ಕ್ ಕೂಲರ್ ಹೊರಗೆ ಊದುವ ಬಿಸಿ, ಅಷ್ಟೇ ನೀರನ್ನು 30 ಡಿಗ್ರಿ ಏರಿಸುವಷ್ಟಿರುತ್ತದೆ. ಕ್ಯಾನು, ಟ್ಯಾಂಕು ತೊಳೆಯಲು ಬಿಸಿನೀರು ಬೇಕೇ ಬೇಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತಿ ಕೇಳಿ: ನಮ್ಮ ಕೂಲರಿನ ಬಿಸಿ ಎಲ್ಲಿಗೆ ಹೋಗುತ್ತಿದೆ, ಅದಕ್ಕೆ ಕರೆಂಟ್ ಬಿಲ್ಲು ಕಟ್ಟುತ್ತಿರುವವರು ಯಾರು?