ವಿಮೆಯ ಕಂತು ಹೋದ ದಾರಿ

ತಿಂಗಳ ಮೊದಲ ವಾರ ಬಾಡಿಗೆಗೆ, ದಿನಸಿಗೆ, ಹಾಲಿನವನಿಗೆ ಎಂದು ಸಂಬಳದ ಹಣವನ್ನು ಎಣಿಸಿಡುವ ಗೃಹಸ್ಥನು ವಿಮೆಯ ಕಂತಿಗೂ ಒಂದಿಷ್ಟು ತೆಗೆದಿಡುತ್ತಾನೆ. ತಾನು ಕಣ್ಣು ಮುಚ್ಚಿದರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂಬುದಷ್ಟೇ ಅವನ ಯೋಚನೆ. ತನ್ನ ಕೈಬಿಟ್ಟ ಮೇಲೆ ಆ ಹಣ ಯಾವ ಯಾವ ಊರು ಸುತ್ತಿತೆಂದು ಅವನು ಕೇಳುವುದಿಲ್ಲ. ತಿಳಿದವರು ತಾವಾಗಿ ಹೇಳುವುದೂ ಇಲ್ಲ.

1955ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಬ್ಬರು ಹೇಳಿದರು. ಅವರು ಫಿರೋಜ್ ಗಾಂಧಿ. ಆಳುವ ಪಕ್ಷದ ಸದಸ್ಯರು, ಸಾಲದುದಕ್ಕೆ ಪ್ರಧಾನಿಯ ಅಳಿಯ. ಅವರು ಬೊಟ್ಟುಮಾಡಿದ್ದು ಭಾರತ್ ವಿಮಾ ಕಂಪನಿಯ ಅಧ್ಯಕ್ಷ ರಾಮಕೃಷ್ಣ ದಾಲ್ಮಿಯಾರತ್ತ. ಸಕ್ಕರೆ, ಸಿಮೆಂಟು, ಬ್ಯಾಂಕು, ವಿಮೆ, ದಾಲ್ಮಿಯಾರು ಕೈಯಿಡದ ಉದ್ಯಮವೇ ವಿರಳ. 1946ರಲ್ಲಿ ಅವರು ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ಒಡೆತನವುಳ್ಳ ಬೆನೆಟ್ ಕೋಲ್ಮನ್ ಕಂಪನಿಯನ್ನೂ ಕೊಂಡಿದ್ದರು. ತಮ್ಮ ಹತೋಟಿಯಲ್ಲಿದ್ದ ಬ್ಯಾಂಕು ಮತ್ತು ವಿಮಾ ಕಂಪನಿಗಳ ಹಣವೇ ಆ ಖರೀದಿಗೆ ಒದಗಿತೆಂಬುದು ಫಿರೋಜರ ಆಪಾದನೆ.

ಆಪಾದನೆ ನಿಜವಾದರೆ ಗೃಹಸ್ಥನ ಪಾಡೇನು? ಪತ್ರಿಕೆಯನ್ನು ಕೊಳ್ಳಲು ಹಣ ಕೊಟ್ಟವನು ಅವನೇ. ಬೆಳಗಾಗೆದ್ದು ಅದನ್ನೋದಲು ಮತ್ತೆ ಕಾಸು ತೆರುವವನೂ ಅವನೇ. ಅವನಿಗೆ ತಿಳಿಯಬೇಕಾದ ಸುದ್ದಿಯೊಂದು ಮಾತ್ರ ಅದರ ಪುಟಗಳಲ್ಲಿ ಎಂದೂ ಬಾರದು. ಗಿರಣಿಯ ಯಜಮಾನನೇ ಪತ್ರಿಕೆಯ ಯಜಮಾನನಾದಾಗ ಸಂಪಾದಕನ ಲೇಖನಿಗೆ ಮಸಿ ಹಾಕುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತೊಡಕಿತ್ತು. ಸದಸ್ಯನು ಸಭೆಯೊಳಗೆ ಏನಾಡಿದರೂ ಮೊಕದ್ದಮೆಯ ಭಯವಿಲ್ಲ. ಅದೇ ಮಾತನ್ನು ಅಚ್ಚುಮಾಡಿದ ಪತ್ರಿಕೆ ಮಾನನಷ್ಟದ ದಾವೆಗೆ ಸಿಕ್ಕಿಬೀಳಬಹುದಾಗಿತ್ತು. ಫಿರೋಜರು ತಾವೇ ಖಾಸಗಿ ಮಸೂದೆಯನ್ನು ಮಂಡಿಸಿ, ಪಾರ್ಲಿಮೆಂಟಿನ ಕಲಾಪವನ್ನು ಯಥಾರ್ಥವಾಗಿ ವರದಿಮಾಡಿದ ಪತ್ರಿಕೆಗೆ ರಕ್ಷಣೆ ನೀಡುವ ಕಾನೂನನ್ನು 1956ರಲ್ಲಿ ಮಾಡಿಸಿದರು. ಬಾಯಿ ಬಿಡಲು ಮನಸ್ಸಿಲ್ಲದ ಪತ್ರಿಕೆಗೆ ಬಾಯಿ ಬಿಡಿಸುವ ಕಾನೂನು ಮಾತ್ರ ಅಂದೂ ಇರಲಿಲ್ಲ.

ಫಿರೋಜರ ಭಾಷಣವಾಗಿ ಒಂದೂವರೆ ತಿಂಗಳೊಳಗೆ, 1956ರ ಜನವರಿ 19ರಂದು, ಸರಕಾರವು ಜೀವವಿಮೆಯನ್ನು ಸುಗ್ರೀವಾಜ್ಞೆಯ ಮೂಲಕ ತನ್ನ ವಶಕ್ಕೆ ತೆಗೆದುಕೊಂಡಿತು. 245 ಸಂಸ್ಥೆಗಳು ಸೇರಿ ಸೆಪ್ಟೆಂಬರಿನಲ್ಲಿ ಜೀವವಿಮಾ ನಿಗಮವಾಯಿತು. ಸರಕಾರದ ಬೀಗ ಬಿದ್ದ ಮೇಲೆ ಕಳ್ಳರ ಭಯವಿಲ್ಲವೆಂದು ಜನ ನಂಬಿದರು. ನಂಬಿಕೆ ಒಂದು ವರ್ಷವೂ ಬಾಳಲಿಲ್ಲ. 1957ರ ಜೂನ್‌ನಲ್ಲಿ ನಿಗಮವು ಕಲ್ಕತ್ತೆಯ ಹರಿದಾಸ್ ಮುಂದ್ರಾರ ಆರು ಕಂಪನಿಗಳ ಶೇರುಗಳಿಗೆ 1 ಕೋಟಿ 24 ಲಕ್ಷ ರೂಪಾಯಿ ಸುರಿಯಿತು. ಹಣ ಹೂಡುವ ಮುನ್ನ ಕೇಳಬೇಕಾದ ಸಮಿತಿಯನ್ನು ಕೇಳಿರಲಿಲ್ಲ. ಮತ್ತೆ ಎದ್ದವರು ಫಿರೋಜರೇ. ಮುಂಬಯಿಯಲ್ಲಿ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಒಳಗೆ ಸ್ಥಳ ಸಾಲದೆ ಹೊರಗಿನವರಿಗಾಗಿ ಧ್ವನಿವರ್ಧಕ ಕಟ್ಟಬೇಕಾಯಿತು. ಸಿನಿಮಾ ನಟರನ್ನು ಕಾಣಲು ನೂಕುನುಗ್ಗಲಾಗುವ ಊರಿನಲ್ಲಿ ವಿಮೆಯ ಲೆಕ್ಕ ಕೇಳಲು ಜನ ನೆರೆದುದು ಸಣ್ಣ ಮಾತಲ್ಲ. ಅಧಿಕಾರಿಯ ಬೆನ್ನ ಹಿಂದೆ ಮಂತ್ರಿ ಅವಿತುಕೊಳ್ಳುವಂತಿಲ್ಲವೆಂದು ಛಾಗ್ಲಾ ತೀರ್ಮಾನಿಸಿದರು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆಯಿತ್ತರು.

ದಾಲ್ಮಿಯಾರ ಮೊಕದ್ದಮೆ ಸಾವಕಾಶವಾಗಿ ಸಾಗಿತು. ಶೇರುಪೇಟೆಯ ನಷ್ಟ ತುಂಬಲು ವಿಮಾ ಕಂಪನಿಯ ಎರಡು ಕೋಟಿಗೂ ಮಿಕ್ಕ ಹಣವನ್ನು ದುರುಪಯೋಗ ಮಾಡಿದ್ದಕ್ಕಾಗಿ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1962ರಲ್ಲಿ ಎತ್ತಿಹಿಡಿಯಿತು. ಪತ್ರಿಕೆ ಅವರ ಅಳಿಯ ಶಾಂತಿಪ್ರಸಾದ ಜೈನರ ಪಾಲಾಯಿತು. ಒಬ್ಬ ಅಳಿಯ ಮಾವನ ಸರಕಾರವನ್ನೇ ಕೆಣಕಿದರೆ ಇನ್ನೊಬ್ಬ ಅಳಿಯನಿಗೆ ಮಾವನ ಪತ್ರಿಕೆ ದಕ್ಕಿತು!

ಫಿರೋಜರು 1960ರಲ್ಲಿ ತೀರಿಕೊಂಡರು. ಅವರು ಮಾಡಿಸಿದ ಕಾನೂನನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರಿನ ಸುಗ್ರೀವಾಜ್ಞೆಯೊಂದು ರದ್ದುಗೊಳಿಸಿತು. ಆಗ ಪ್ರಧಾನಿಯಾಗಿದ್ದವರು ಅವರ ಪತ್ನಿ ಇಂದಿರಾ ಗಾಂಧಿ. 1977ರಲ್ಲಿ ಬಂದ ಹೊಸ ಸರಕಾರ ಅದನ್ನು ಮರಳಿ ಜಾರಿಗೆ ತಂದಿತು.