ಶಿಕ್ಷಣ ಸಾಲಕ್ಕೆ ಸಾರಾಸಗಟು ಮನ್ನಾ ಬೇಡ, ಸಣ್ಣ ಸಾಲಗಾರರಿಗೆ ಆಸರೆ ಬೇಕು: ಮನವಿ ಪತ್ರ

ಇವರಿಗೆ,
ಸನ್ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಗದಗ ಜಿಲ್ಲೆ, ಗದಗ.

ಇವರಿಂದ: ಶಿಕ್ಷಣ ಸಾಲ ಪಡೆದ ವಿದ್ಯಾರ್ಥಿಗಳು ಮತ್ತು ಪೋಷಕರು, ಗದಗ ಜಿಲ್ಲೆ.

ವಿಷಯ: ನಾಲ್ಕು ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲದ ಮರುಪಾವತಿಗೆ ರಾಜ್ಯ ಬಜೆಟ್‌ನಿಂದ ನೆರವು ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾವು ಬೆಟಗೇರಿಯ ನೇಕಾರರ, ರೋಣ-ನರಗುಂದ ಕಡೆಯ ರೈತರ, ಎಪಿಎಂಸಿ ಹಮಾಲರ, ಸಣ್ಣ ಅಂಗಡಿಕಾರರ ಮನೆಯವರು. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಎಂಬಿಎ ಓದಿಗಾಗಿ ಬ್ಯಾಂಕ್ ಸಾಲ ಪಡೆದಿದ್ದೇವೆ. ಸಾಲಪತ್ರಕ್ಕೆ ವಿದ್ಯಾರ್ಥಿಯ ಜೊತೆ ತಂದೆಯ ಅಥವಾ ತಾಯಿಯ ಸಹಿಯೂ ಬಿದ್ದಿದೆ. ಶಿಕ್ಷಣ ಸಾಲ ಮನ್ನಾ ಮಾಡುತ್ತೇವೆ ಎಂಬ ಭರವಸೆ ಚುನಾವಣೆಗಳಲ್ಲಿ ಹೊಸದಲ್ಲ. 2021ರಲ್ಲಿ ತಮಿಳುನಾಡಿನ ಡಿಎಂಕೆ ಪ್ರಣಾಳಿಕೆಯಲ್ಲೂ ಅದು ಇತ್ತು. ನಾವು ಕೇಳಲು ಬಂದಿರುವುದು ಅದನ್ನಲ್ಲ.

ಕಾರಣ ಹೇಳಬೇಕು. ಎಲ್ಲರ ಸಾಲವನ್ನೂ ಮನ್ನಾ ಮಾಡಿದರೆ ಹೆಚ್ಚು ಸಾಲ ಮಾಡಿದವರಿಗೇ ಹೆಚ್ಚು ಲಾಭ. ಏಳೂವರೆ ಲಕ್ಷ ರೂಪಾಯಿ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಅಂದರೆ ದೊಡ್ಡ ಸಾಲ ಸಿಗುವುದೇ ಆಸ್ತಿ ಉಳ್ಳವರಿಗೆ. ವಿದೇಶದಲ್ಲಿ ಓದಿ ಅಲ್ಲೇ ನೆಲೆಸಿದವರ ಮೂವತ್ತು ಲಕ್ಷದ ಸಾಲವನ್ನು ಗಜೇಂದ್ರಗಡದ ಕೂಲಿಕಾರರ ತೆರಿಗೆಯಿಂದ ತೀರಿಸುವುದು ನ್ಯಾಯವಲ್ಲ. ಅಮೆರಿಕದ ಬೈಡನ್ ಸರ್ಕಾರದ ಸುಮಾರು 400 ಶತಕೋಟಿ ಡಾಲರ್‌ನ ಶಿಕ್ಷಣ ಸಾಲ ಮನ್ನಾ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್ 30ರಂದು ರದ್ದುಪಡಿಸಿತು. ಕೋರ್ಟ್ ತೀರ್ಮಾನಿಸಿದ್ದು ಸರ್ಕಾರಕ್ಕೆ ಮನ್ನಾ ಮಾಡುವ ಅಧಿಕಾರ ಇದೆಯೇ ಎಂಬುದನ್ನು ಮಾತ್ರ. ಜನ ಕೇಳುತ್ತಿದ್ದ ಪ್ರಶ್ನೆ ಬೇರೆಯದು: ಕಾಲೇಜಿನ ಮೆಟ್ಟಿಲು ಹತ್ತದವರು, ಹತ್ತಿದವರ ಸಾಲವನ್ನು ಯಾಕೆ ಹೊರಬೇಕು? ಆ ಪ್ರಶ್ನೆ ಇಲ್ಲಿಯೂ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡದೆ ಸಾರ್ವಜನಿಕ ಹಣ ಕೇಳುವ ಹಕ್ಕು ನಮಗಿಲ್ಲ.

ನಮ್ಮ ಉತ್ತರ ಇಷ್ಟು. ನಮ್ಮ ಮನೆಗಳಲ್ಲಿ ಆದಾಯ ತೆರಿಗೆ ಕಟ್ಟುವವರು ಇಲ್ಲವೆಂದೇ ಹೇಳಬಹುದು. ಆದರೆ ಮೊಬೈಲ್ ರೀಚಾರ್ಜ್ ಮಾಡಿಸಿದಾಗಲೆಲ್ಲ ಶೇ 18ರ ಜಿಎಸ್‌ಟಿ ಕಟ್ಟುತ್ತೇವೆ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿದ್ದು ಟ್ರ್ಯಾಕ್ಟರ್ ಬಾಡಿಗೆಯಲ್ಲಿ ನಮಗೂ ಗೊತ್ತಾಗಿದೆ. ತೆರಿಗೆದಾರರು ಬೇರೆ, ಸೌಲಭ್ಯ ಪಡೆಯುವವರು ಬೇರೆ ಎಂಬ ಮಾತು ಅರ್ಧ ಸತ್ಯ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಶಿಕ್ಷಣ ಸಾಲಕ್ಕೆ ಸರ್ಕಾರದ ಹಣ ಈಗಲೂ ಹೋಗುತ್ತಿದೆ, ಹೋಗುವ ದಾರಿ ತಲೆಕೆಳಗಾಗಿದೆ ಅಷ್ಟೆ. ಆದಾಯ ತೆರಿಗೆ ಕಾಯ್ದೆಯಡಿ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಕಟ್ಟಿದ ಬಡ್ಡಿಯನ್ನು ಎಂಟು ವರ್ಷದವರೆಗೆ, ಯಾವ ಮಿತಿಯೂ ಇಲ್ಲದೆ, ಆದಾಯದಿಂದ ಕಳೆಯಬಹುದು. ಶೇ 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ ನೂರು ರೂಪಾಯಿ ಬಡ್ಡಿಯಲ್ಲಿ ಮೂವತ್ತು ರೂಪಾಯಿ ಉಳಿಯುತ್ತದೆ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ನರ್ಸ್‌ಗೆ ಒಂದು ಪೈಸೆಯೂ ಉಳಿಯುವುದಿಲ್ಲ. ಇದನ್ನು ಯಾರೂ ‘ಬಿಟ್ಟಿ ಭಾಗ್ಯ’ ಎಂದು ಕರೆದದ್ದನ್ನು ನಾವು ಕೇಳಿಲ್ಲ.

ಬಡವರಿಗೆಂದು ಇರುವ ಯೋಜನೆಗಳು ಎಲ್ಲಿಯವರೆಗೆ ಬರುತ್ತವೆ ಎಂಬುದನ್ನೂ ತಾವು ಗಮನಿಸಬೇಕು. 2009ರಿಂದ ಇರುವ ಕೇಂದ್ರದ ಬಡ್ಡಿ ಸಹಾಯಧನ, ವಾರ್ಷಿಕ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಬಿ.ಎ., ಬಿ.ಕಾಂ.ಗೆ ಅದು ಇಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ, ಆದಾಯ ಮಿತಿಯನ್ನು ಎಂಟು ಲಕ್ಷಕ್ಕೆ ಏರಿಸಿ ಶೇ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಆದರೆ ಅದು ದೇಶದ ಆಯ್ದ ಸಂಸ್ಥೆಗಳಿಗೆ (ಆರಂಭದಲ್ಲಿ 860) ಸೀಮಿತ. ತಾಲ್ಲೂಕು ಕೇಂದ್ರದ ಕಾಲೇಜು ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಎರಡೂ ನೆರವು ಮರುಪಾವತಿ ಶುರುವಾಗುವವರೆಗೆ ಮಾತ್ರ. ಕಷ್ಟ ಶುರುವಾಗುವುದು ಆಮೇಲೆ. ರಾಜ್ಯದ ಅಭಿವೃದ್ಧಿ ನಿಗಮಗಳ ಅರಿವು ಯೋಜನೆಯಲ್ಲಿ ಶೇ 2ಕ್ಕೆ ಸಾಲ ಸಿಗುತ್ತದೆ ನಿಜ, ಆದರೆ ಅದು ಮುಖ್ಯವಾಗಿ ಸಿಇಟಿಯಂಥ ಪ್ರವೇಶ ಪರೀಕ್ಷೆಗಳ ಮೂಲಕ ಸೀಟು ಪಡೆದವರಿಗೆ, ಅದೂ ನಿಗಮದಲ್ಲಿ ಅನುದಾನ ಇರುವಷ್ಟು ಮಂದಿಗೆ. ಉಳಿದವರು ಬ್ಯಾಂಕಿಗೇ ಹೋಗಬೇಕು.

ಒಂದು ಲೆಕ್ಕ ತಮ್ಮ ಮುಂದಿಡುತ್ತೇವೆ. ಬಡ್ಡಿ ಸಹಾಯಧನ ಸಿಗದ ವಿದ್ಯಾರ್ಥಿನಿಯೊಬ್ಬಳು ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ ಪಡೆದಳು ಎನ್ನೋಣ. ಬಡ್ಡಿ ಶೇ 10.5. ಓದು ಮುಗಿದು ಒಂದು ವರ್ಷದ ವಿನಾಯಿತಿಯೂ ಕಳೆಯುವ ಹೊತ್ತಿಗೆ ಸರಳ ಬಡ್ಡಿಯೇ 1,47,000 ರೂಪಾಯಿ ಆಗಿರುತ್ತದೆ. ಅದು ಅಸಲಿಗೆ ಸೇರಿ 5,47,000 ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 7,400 ರೂಪಾಯಿ. ಅವಳ ಸಂಬಳ ಹದಿನೈದು ಸಾವಿರವಾದರೆ ಅರ್ಧ ಬ್ಯಾಂಕಿಗೆ ಹೋಯಿತು. ಕೆಲಸವೇ ಇಲ್ಲದಿದ್ದರೆ, ಮೂರು ತಿಂಗಳು ಕಂತು ತಪ್ಪಿದ ಮೇಲೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರಿ ಸಿಬಿಲ್ ಸ್ಕೋರ್ ಕುಸಿಯುತ್ತದೆ. ಬ್ಯಾಂಕ್ ನೇಮಕಾತಿ ಪ್ರಕಟಣೆಗಳಲ್ಲಿ ಅಭ್ಯರ್ಥಿಯ ಸಿಬಿಲ್ ದಾಖಲೆ ಸರಿಯಿರಬೇಕೆಂಬ ಷರತ್ತೂ ಈಗ ಇದೆ. ಕೆಲಸವಿಲ್ಲದ್ದಕ್ಕೆ ಸಾಲ ಕಟ್ಟಲಾಗಲಿಲ್ಲ, ಸಾಲ ಕಟ್ಟದ್ದಕ್ಕೆ ಕೆಲಸವೂ ಇಲ್ಲ ಎಂಬ ಸ್ಥಿತಿ.

ರಾಜ್ಯ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ನಿರುದ್ಯೋಗ ಭತ್ಯೆ ಯೋಜನೆಗೆ ಚಾಲನೆ ನೀಡಿತು. ಫಲಿತಾಂಶ ಬಂದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನಾವು ಅದಕ್ಕೆ ಕೃತಜ್ಞರು. ಆದರೆ ನಿರುದ್ಯೋಗಿ ಎಂದು ಸರ್ಕಾರವೇ ಒಪ್ಪಿ ಭತ್ಯೆ ಕೊಡುತ್ತಿರುವವರಿಗೇ, ಅದೇ ಅವಧಿಯಲ್ಲಿ ಬ್ಯಾಂಕಿನಿಂದ ಕಂತಿನ ನೋಟಿಸ್ ಬರುತ್ತದೆ. ಅದೇ ವ್ಯಕ್ತಿ ಒಂದು ಕಡತದಲ್ಲಿ ನಿರುದ್ಯೋಗಿ, ಇನ್ನೊಂದರಲ್ಲಿ ಸುಸ್ತಿದಾರ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ನಿರುದ್ಯೋಗದ ಅವಧಿಗೆ ಸಾಲಾವಧಿಯಲ್ಲಿ ಎರಡು-ಮೂರು ಬಾರಿ ಕಂತು ಮುಂದೂಡಲು ಅವಕಾಶವಿದೆ. ಶಾಖೆಗಳಲ್ಲಿ ನಮಗೆ ಇದನ್ನು ಯಾರೂ ಹೇಳಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಪಡೆದ ಸಾಲ ನಾಲ್ಕು ಲಕ್ಷ ಮೀರದಿದ್ದರೆ, ಮರುಪಾವತಿಯ ಮೊದಲ ನಾಲ್ಕು ವರ್ಷ ಕಂತಿನ ಒಂದು ಪಾಲನ್ನು ರಾಜ್ಯ ಭರಿಸಬೇಕು. ನೆರೆಯ ಕೇರಳ 2017ರಲ್ಲಿ 900 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿ, ಮೊದಲ ವರ್ಷ ಶೇ 90, ನಂತರ 75, 50, 25 ಎಂದು ಇಳಿಯುತ್ತ ಹೋಗುವ ಕ್ರಮವನ್ನು ರೂಪಿಸಿತ್ತು. ಅಷ್ಟೇ ಕೊಡಿ ಎಂದು ನಾವು ಹಟ ಹಿಡಿಯುವುದಿಲ್ಲ, ಆದರೆ ಇಳಿಯುವ ಕ್ರಮ ಸರಿಯಾದದ್ದು. ಸಂಬಳ ತಿಂಗಳಿಗೆ ಮೂವತ್ತು ಸಾವಿರ ದಾಟಿದ ಕೂಡಲೇ ನೆರವು ನಿಲ್ಲಲಿ.

2. ಯುವನಿಧಿ ಫಲಾನುಭವಿ ಎಂಬ ದಾಖಲೆಯನ್ನೇ ನಿರುದ್ಯೋಗದ ಪುರಾವೆಯಾಗಿ ಒಪ್ಪಿ ಕಂತು ಮುಂದೂಡುವಂತೆ, ಕೆನರಾ ಬ್ಯಾಂಕ್ ಸಂಚಾಲಕತ್ವದ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಮೂಲಕ ಎಲ್ಲ ಶಾಖೆಗಳಿಗೆ ಸೂಚನೆ ಹೋಗಬೇಕು. ಇದಕ್ಕೆ ಬೊಕ್ಕಸದಿಂದ ಹೊಸ ಹಣ ಬೇಕಿಲ್ಲ.

3. ಕಷ್ಟಪಟ್ಟು ಕಂತು ಕಟ್ಟುತ್ತಿರುವವರನ್ನು ಕೈಬಿಡಬಾರದು. 2018ರ ಬೆಳೆಸಾಲ ಮನ್ನಾದಲ್ಲಿ ಸಕಾಲಕ್ಕೆ ಸಾಲ ಕಟ್ಟಿದ ರೈತರಿಗೂ 25,000 ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಿಸಲಾಗಿತ್ತು. ಅದೇ ನೀತಿ ಇಲ್ಲಿಯೂ ಇರಲಿ. ಇಲ್ಲವಾದರೆ ಕಟ್ಟದಿರುವುದೇ ಜಾಣತನ ಎಂದು ಸರ್ಕಾರವೇ ಕಲಿಸಿಕೊಟ್ಟಂತಾಗುತ್ತದೆ.

4. ವಿದ್ಯಾರ್ಥಿ ತೀರಿಕೊಂಡರೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಗುರಿಯಾದರೆ ಉಳಿದ ಸಾಲವನ್ನು ಸರ್ಕಾರ ಪೂರ್ತಿ ತೀರಿಸಬೇಕು. ನಾವು ಪೂರ್ಣ ಮನ್ನಾ ಕೇಳುವುದು ಇದೊಂದಕ್ಕೇ. ಮಗನ ಅಂತ್ಯಕ್ರಿಯೆ ಮಾಡಿದ ತಾಯಿಯಿಂದ ಅವನ ಕಾಲೇಜು ಫೀಯನ್ನು ಬಡ್ಡಿಸಮೇತ ವಸೂಲು ಮಾಡಬಾರದು.

5. ನಾಲ್ಕು ಲಕ್ಷದೊಳಗಿನ ಶಿಕ್ಷಣ ಸಾಲಗಳೆಷ್ಟು, ಅವುಗಳಲ್ಲಿ ಸುಸ್ತಿಯಾದವು ಎಷ್ಟು ಎಂಬುದನ್ನು ಬ್ಯಾಂಕರುಗಳ ಸಮಿತಿಯಿಂದ ಜಿಲ್ಲಾವಾರು ತರಿಸಿ ಪ್ರಕಟಿಸಬೇಕು. ಯೋಜನೆಗೆ ಎಷ್ಟು ಹಣ ಬೇಕು ಎಂಬುದನ್ನು ತೆರಿಗೆದಾರರು ಮೊದಲೇ ತಿಳಿಯುವುದು ನ್ಯಾಯ.

ಬೊಕ್ಕಸದ ಮೇಲಿನ ಹೊರೆ ನಮಗೂ ಗೊತ್ತು: ಯುವನಿಧಿ ಸೇರಿದಂತೆ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ 2025-26ರ ಬಜೆಟ್‌ನಲ್ಲಿ 51,034 ಕೋಟಿ ರೂಪಾಯಿ ಇಡಲಾಗಿತ್ತು. ಅವುಗಳಲ್ಲೊಂದಾದ ಗೃಹಲಕ್ಷ್ಮಿಯ 2,000 ರೂಪಾಯಿಯಿಂದಲೇ ಕಂತಿನ ಒಂದು ಪಾಲು ಕಟ್ಟುವ ತಾಯಂದಿರು ನಮ್ಮಲ್ಲಿದ್ದಾರೆ. ಗ್ಯಾರಂಟಿಗಳ ಹಣಕ್ಕೆ ಕತ್ತರಿ ಹಾಕಿ ನಮಗೆ ಕೊಡಿ ಎಂದು ಕೇಳುವಷ್ಟು ಸ್ವಾರ್ಥಿಗಳಲ್ಲ ನಾವು. ಮೊದಲಿಗೆ ಗದಗ ಸೇರಿದಂತೆ ಕೆಲವೇ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಿ, ಸಾಧಕ ಬಾಧಕ ನೋಡಿ ಮುಂದುವರಿಸಿದರೂ ಆದೀತು.

ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಸಣ್ಣ ಶಿಕ್ಷಣ ಸಾಲಗಾರರ ಪ್ರತಿನಿಧಿಗಳನ್ನೂ ಆಹ್ವಾನಿಸಬೇಕೆಂದು, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಶಿಕ್ಷಣ ಸಾಲ ಪಡೆದ ವಿದ್ಯಾರ್ಥಿಗಳು ಮತ್ತು ಪೋಷಕರು,
ಗದಗ ಜಿಲ್ಲೆ.